ಗಾಜುವಾಕದಿಂದ ವಾಲ್ತೇರಿಗೆ



ನೀವು ಹುಟ್ಟಿ ಬೆಳೆದ ಗಾಜುವಾಕದ ಹೆಸರಿನಲ್ಲಿ ನಮ್ಮ ‘ಗಾಜು’ ಕೇಳಿಸುತ್ತದೆ. ಪಕ್ಕದ ಉಕ್ಕುನಗರದಲ್ಲಿ ನಮ್ಮ ‘ಉಕ್ಕು’ ಇದೆ. ಆದರೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನೀವು “ನಾವು ಯಾವ ಊರಿನವರು?” ಎಂದು ಕೇಳುವುದುಂಟು. ಈ ಭಾನುವಾರ ಬಸ್ಸು ಹತ್ತಿ ವಾಲ್ತೇರಿನ ಆಂಧ್ರ ವಿಶ್ವವಿದ್ಯಾಲಯಕ್ಕೆ ಹೋಗಿಬನ್ನಿ.

1926ರಲ್ಲಿ ವಿಜಯವಾಡದಲ್ಲಿ ಆರಂಭವಾದ ಈ ವಿದ್ಯಾಲಯ ಆಮೇಲೆ ಸಮುದ್ರ ಕಾಣುವ ಈ ದಿಬ್ಬಕ್ಕೆ ಬಂತು. ಇಲ್ಲಿ ಗಣಿತದಲ್ಲಿ ಎಂ.ಎ. ಓದಿದವರು ಸಿ. ಆರ್. ರಾವ್. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ, ಮನೆಮಾತು ತೆಲುಗು. ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರಿಟ್ಟರು. ತಂದೆ ಪೊಲೀಸ್ ಅಧಿಕಾರಿ. ಗೂಡೂರು, ನೂಜಿವೀಡು, ನಂದಿಗಾಮ ಎಂದು ಊರೂರಿನಲ್ಲಿ ಶಾಲೆ ಕಲಿತು, ಕೊನೆಗೆ ವಿಶಾಖಪಟ್ಟಣಕ್ಕೆ ಬಂದರು.

ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದರೆ ಆ ಕೆಲಸ ಸಿಗಲಿಲ್ಲ. ಅಲ್ಲೇ ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. 1946ರಲ್ಲಿ ಕೇಂಬ್ರಿಜ್‌ಗೆ ಹೋದರು. ಸುಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಪುರಾತನ ಅಸ್ಥಿಗಳನ್ನು ಅಳೆದು, ಅವು ಯಾವ ಜನರಿಗೆ ಹತ್ತಿರ ಎಂದು ತಿಳಿಯುವ ಕೆಲಸ ಅವರದು. ಜತೆಗೆ ಗುರು ಫಿಷರರ ಪ್ರಯೋಗಾಲಯದಲ್ಲಿ ಇಲಿಗಳ ಆನುವಂಶಿಕತೆಯ ಅಧ್ಯಯನ. ಒಂದೇ ಅಳತೆಯನ್ನು ನಂಬದೆ, ಎಲ್ಲ ಅಳತೆಗಳನ್ನೂ ಕೂಡಿಸಿ ‘ದೂರ’ವನ್ನು ಲೆಕ್ಕಹಾಕಬೇಕು ಎಂಬುದು ಆ ವಿಧಾನ. 1948ರಲ್ಲಿ ಡಾಕ್ಟರೇಟ್ ಬಂತು.

ನಿಮ್ಮಲ್ಲಿ ಕಂಪ್ಯೂಟರ್ ಓದುವವರು ಇದನ್ನು ಗಮನಿಸಿ. ಇಂದು ರಕ್ತದ ಒಂದು ಹನಿಯಿಂದ ಸಾವಿರಾರು ಜೀವಕೋಶಗಳನ್ನು ಬಿಡಿಬಿಡಿಯಾಗಿ ಓದಬಹುದು. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 20,000. ಪ್ರತಿ ಕೋಶದಲ್ಲೂ ಯಾವುದು ಎಷ್ಟು ಚುರುಕಾಗಿದೆ ಎಂದು ಎಣಿಸಿ, ಯಾವ ಕೋಶ ಯಾವುದಕ್ಕೆ ಹತ್ತಿರ ಎಂದು ಯಂತ್ರಕಲಿಕೆಯಿಂದ ಗುಂಪು ಮಾಡುತ್ತಾರೆ. ನೂರಾರು ಕೋಶಗಳ ನಡುವೆ ಅವಿತ ಒಂದು ರೋಗದ ಕೋಶ ಸಿಕ್ಕುವುದು ಹೀಗೆ. ಅಳತೆಗಳು ಹೆಚ್ಚಿವೆ, ಯಂತ್ರ ಬಂದಿದೆ. ಪ್ರಶ್ನೆ ಮಾತ್ರ ವಾಲ್ತೇರಿನ ಆ ವಿದ್ಯಾರ್ಥಿ ಕೇಂಬ್ರಿಜ್‌ನಲ್ಲಿ ಬಿಡಿಸಿದ್ದೇ.

ಒಂದು ಎಚ್ಚರಿಕೆ. ಯಾವ ಗುಂಪಿಗೂ ಸೇರದ ಕೋಶವನ್ನೂ ಯಂತ್ರ ಎಲ್ಲೋ ಒಂದು ಕಡೆ ಕೂರಿಸಿಬಿಡಬಹುದು. ಒಳ್ಳೆಯ ಸಂಶೋಧಕ ಅಲ್ಲಿ ನಿಂತು ಮತ್ತೆ ನೋಡುತ್ತಾನೆ. ಹೊಸ ಬಗೆಯ ಕೋಶ ಕಾಣುವುದೂ ಅಲ್ಲಿಯೇ.

ರಾವ್ 2023ರಲ್ಲಿ, 102ನೆಯ ವಯಸ್ಸಿನಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಹಡಗಲಿ, ವಿಶಾಖಪಟ್ಟಣ, ಕಲ್ಕತ್ತೆ ಮೂರೂ ಅವರನ್ನು ನಮ್ಮವರು ಎನ್ನುತ್ತವೆ. ಯಾವುದೂ ಸುಳ್ಳಲ್ಲ. ಇನ್ನು ಮೇಲೆ ಯಾರಾದರೂ “ನೀವು ಯಾವ ಊರಿನವರು?” ಎಂದರೆ ಒಂದೇ ಅಳತೆಯ ಉತ್ತರ ಕೊಡಬೇಡಿ. ಕನ್ನಡವನ್ನೂ ಹೇಳಿ, ಗಾಜುವಾಕವನ್ನೂ ಹೇಳಿ.