ಮಾಗಿಯಲ್ಲಿ ಬಾಸೆಲ್ ಪ್ರಯಾಣದ ಸನ್ನಾಹ

ಬಾಸೆಲ್ ಎಂಬ ಪಟ್ಟಣದ ಹೆಸರನ್ನು ಉಡುಪಿ ಸೀಮೆಯ ಹೆಣ್ಣುಮಕ್ಕಳು ಭೂಗೋಳದ ಪಾಠದಲ್ಲಿ ಕೇಳುವುದಕ್ಕೆ ಮೊದಲೇ ಹಂಚಿನ ಬೆನ್ನಿನಲ್ಲಿ ಓದಿ ತಿಳಿದಿರುವರು. ಮಳೆಗಾಲಕ್ಕೆ ಮುಂಚಿತವಾಗಿ ಮಾಡಿನ ಹಂಚುಗಳನ್ನು ಇಳಿಸಿ ಒರಸುವಾಗ ಆ ಅಕ್ಷರಗಳು ನಮ್ಮ ಕೈಗೆ ತಗಲುತ್ತಿದ್ದವು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮಿಶನಿಗೆ ಆ ಹೆಸರು ಬಂದುದು ಸ್ವಿಟ್ಜರ್ಲೆಂಡ್ ದೇಶದಲ್ಲಿ ರೈನ್ ನದಿಯ ದಡದ ಮೇಲಿರುವ ಒಂದು ಪಟ್ಟಣದಿಂದ ಎಂಬದನ್ನು ಆಮೇಲೆ ಕಲಿತೆವು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಆ ಮಿಶನಿನಿಂದ ಕಳುಹಿಸಲ್ಪಟ್ಟು ಮಂಗಳೂರಿಗೆ ಬಂದರು. ಅಂದಿನಿಂದ ಅಲ್ಲಿಯವರು ಇಲ್ಲಿಗೆ ಬಂದದ್ದು ಬಹಳ. ಇಲ್ಲಿಯ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ನೋಡಿದ್ದು ಕೊಂಚ. ಈ ಶಾಲೆಯಲ್ಲಿ ಓದಿದ ನಾವು ನಾಲ್ವರು ಬರುವ ಡಿಸೆಂಬರಿನಲ್ಲಿ ಬಾಸೆಲನ್ನು ನೋಡಿಬರುವುದಾಗಿ ನಿಶ್ಚಯಿಸಿರುವೆವು. ಸಂಚಿಕೆಯ ಸಂಪಾದಕರು ಕೇಳಿಕೊಂಡ ಮೇರೆಗೆ ಆ ಪ್ರಯಾಣದ ಸನ್ನಾಹವನ್ನು ಇಲ್ಲಿ ಬರೆಯುತ್ತೇವೆ.

ನಾಲ್ವರೆಂದರೆ, ಉಡುಪಿಯಲ್ಲಿ ಕನ್ನಡ ಕಲಿಸುವ ಉಪಾಧ್ಯಾಯಿನಿ ಒಬ್ಬರು. ದಾದಿಯ ಕೆಲಸದಿಂದ ನಿವೃತ್ತರಾಗಿ ಮಣಿಪಾಲದಲ್ಲಿರುವವರು ಒಬ್ಬರು. ಕಾಪುವಿನ ದೀಪಸ್ತಂಭದ ಬೆಳಕು ಅಂಗಳಕ್ಕೆ ಬೀಳುವಷ್ಟು ಸಮೀಪದಲ್ಲಿ ಮನೆಮಾಡಿಕೊಂಡು, ಲೆಕ್ಕಪತ್ರದಲ್ಲಿ ಬಲು ಗಟ್ಟಿಗರಾದವರು ಒಬ್ಬರು. ಕಾರ್ಕಳದ ಅಕ್ಕನವರು ಒಬ್ಬರು. ಅಕ್ಕನವರಿಗೆ ಈಗ 74 ವರ್ಷ. ಈ ಪ್ರಯಾಣದ ಯೋಚನೆ ಹುಟ್ಟಿದ್ದು ಅವರಿಂದಲೇ.

ಸುದ್ದಿ ಕೇಳಿದವರೆಲ್ಲರೂ, "ಮೇ ತಿಂಗಳಲ್ಲಿ ಹೋಗಬಾರದೇ? ಆಗ ಹೂವು, ಹಸುರು, ದೀರ್ಘವಾದ ಹಗಲು ಇರುತ್ತವೆ. ಮುದುಕಿಯನ್ನು ಕರೆದುಕೊಂಡು ಹಿಮದಲ್ಲಿ ಜಾರಿಬೀಳುವುದಕ್ಕೆ ಹೋಗುವುದೇ?" ಎಂದು ನಮ್ಮನ್ನು ಗದರಿದರು. ಅದು ಸರಿಯಾದ ಮಾತೇ. ಆದರೆ ಮಾಗಿಯಲ್ಲಿ ಹೋಗಬೇಕೆಂಬುದು ಅಕ್ಕನವರ ಹಟ. ಅವರ ಅಜ್ಜಿಯ ತಾಯಿಯು ಒಬ್ಬ ಮಿಶನರಿಯ ಮನೆಯಲ್ಲಿ ಆಯಾ ಆಗಿದ್ದರು. ಆ ಮನೆಯ ಹೆಣ್ಣುಮಗುವನ್ನು ಹುಟ್ಟಿದಂದಿನಿಂದ ಸೊಂಟದಲ್ಲಿಟ್ಟುಕೊಂಡು ಸಾಕಿದವರು ಅವರೇ. ಮಗುವು ದೊರೆಸಾನಿಯ ಸಂಗಡ ಜರ್ಮನ್ ಆಡುತ್ತಿತ್ತು, ಆಯಾನ ಸಂಗಡ ತುಳು ಆಡುತ್ತಿತ್ತು. ಅಳುವಾಗ ಮಾತ್ರ ಯಾವಾಗಲೂ ತುಳುವಿನಲ್ಲೇ ಅಳುತ್ತಿತ್ತು ಎಂದು ಮನೆಯಲ್ಲಿ ಹೇಳುವರು. ಆರು ವರ್ಷವಾದಾಗ ಅದನ್ನು ಹಡಗಿನಲ್ಲಿ ಬಾಸೆಲಿಗೆ ಕಳುಹಿಸಿಬಿಟ್ಟರು. ಇದು ಒಂದು ಮನೆಯ ಕಥೆಯಲ್ಲ. ಮಿಶನರಿಗಳ ಮಕ್ಕಳು ಶಾಲೆಯ ಪ್ರಾಯಕ್ಕೆ ಬಂದೊಡನೆ ಯೂರೋಪಿಗೆ ಹೋಗಬೇಕೆಂದು ಮಿಶನಿನ ಹಿರಿಯರು 1853ರಲ್ಲಿ ನಿಯಮ ಮಾಡಿದ್ದರು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆಗಳಿದ್ದವು. ತಂದೆತಾಯಿಗಳು ಇಲ್ಲಿ, ಮಕ್ಕಳು ಅಲ್ಲಿ. ನಡುವೆ ವರ್ಷಗಟ್ಟಲೆ ಕಾಗದಗಳು ಮಾತ್ರ. ತಾಯಿಗಳ ದುಃಖವು ಪತ್ರಗಳಲ್ಲಿಯೂ ಪುಸ್ತಕಗಳಲ್ಲಿಯೂ ಉಳಿದಿದೆ. ಆಯಾಗಳ ದುಃಖವನ್ನು ಯಾರು ಬರೆದಿಟ್ಟರು?

ಆ ಮುತ್ತಜ್ಜಿಯು ಸಾಯುವ ತನಕ, "ಅಲ್ಲಿ ಚಳಿಯಂತೆ, ಎಷ್ಟು ಚಳಿ?" ಎಂದು ಬಂದ ಹೊಸ ದೊರೆಗಳನ್ನೆಲ್ಲ ಕೇಳುತ್ತಿದ್ದರಂತೆ. ಅವರು ಏನು ಉತ್ತರ ಕೊಟ್ಟರೋ ಯಾರಿಗೂ ನೆನಪಿಲ್ಲ. ಎಷ್ಟು ಚಳಿಯೆಂದು ನೋಡಿ ತಿಳಿದುಕೊಳ್ಳಬೇಕು ಎಂದು ಅಕ್ಕನವರು ಹೇಳಿದ ಮೇಲೆ ಮೇ ತಿಂಗಳ ಮಾತನ್ನು ನಾವು ಮತ್ತೆ ಎತ್ತಲಿಲ್ಲ.

ಚಳಿಯ ಲೆಕ್ಕವನ್ನಾದರೆ ಇಲ್ಲಿ ಕುಳಿತೇ ಹೇಳಬಹುದು. ಡಿಸೆಂಬರಿನಲ್ಲಿ ಬಾಸೆಲಿನ ಸರಾಸರಿ ಉಷ್ಣಮಾನ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲೆ. ನಮ್ಮ ಮಲ್ಪೆಯ ಕಡಲ ದಡದಲ್ಲಿ ಅದೇ ತಿಂಗಳ ಮಧ್ಯಾಹ್ನ ಮೂವತ್ತು ಡಿಗ್ರಿಗೆ ಕಡಿಮೆಯಾಗುವುದು ಅಪರೂಪ. ಅಲ್ಲಿ ಬೆಳಗ್ಗೆ ಎಂಟು ಗಂಟೆ ಕಳೆದ ಮೇಲೆ ಸೂರ್ಯೋದಯ, ಸಂಜೆ ಐದಕ್ಕೆ ಮುಂಚೆಯೇ ಸೂರ್ಯಾಸ್ತ. ಆದುದರಿಂದ ನೋಡತಕ್ಕ ಸ್ಥಳಗಳ ಪಟ್ಟಿಯನ್ನು ನಾವು ಎರಡು ಸಾರಿ ಮೊಟಕು ಮಾಡಬೇಕಾಯಿತು. ಒಂದು ಪ್ರವಾಸದ ಕಂಪೆನಿಯವರು ಹನ್ನೆರಡು ದಿನಗಳಲ್ಲಿ ಒಂಬತ್ತು ದೇಶಗಳನ್ನು ತೋರಿಸುವುದಾಗಿ ಹೇಳಿದರು. ಕಾಪುವಿನವರು ಲೆಕ್ಕ ಹಾಕಿ, "ಇದರಲ್ಲಿ ದೇಶಕ್ಕಿಂತ ಬಸ್ಸಿನ ಕಿಟಕಿಯನ್ನೇ ಹೆಚ್ಚಾಗಿ ನೋಡಬೇಕಾಗುವುದು" ಎಂದು ಆ ಕಾಗದವನ್ನು ಮಡಿಸಿಟ್ಟರು.

ಯಾವ ವಾರ ಹೋಗಬೇಕೆಂಬುದೇ ದೊಡ್ಡ ಚರ್ಚೆಯಾಯಿತು. ಉಪಾಧ್ಯಾಯಿನಿಯವರಿಗೆ ರಜೆ ಸಿಕ್ಕುವುದು ಕ್ರಿಸ್ಮಸ್ಸಿಗೆ. ಆದರೆ ಕ್ರಿಸ್ಮಸ್ ನೋಡುವುದಕ್ಕೆಂದು ಕ್ರಿಸ್ಮಸ್ ದಿನವೇ ಆ ದೇಶಕ್ಕೆ ಹೋದವರು ಮುಚ್ಚಿದ ಬಾಗಿಲುಗಳನ್ನು ನೋಡುವರು. ಬಾಸೆಲಿನ ಮುನ್‌ಸ್ಟರ್ ದೇವಾಲಯದ ಬಯಲಿನಲ್ಲಿಯೂ ಬಾರ್‌ಫ್ಯೂಸರ್ ಚೌಕದಲ್ಲಿಯೂ ನಡೆಯುವ ಕ್ರಿಸ್ಮಸ್ ಸಂತೆಯು ಡಿಸೆಂಬರ್ 23ಕ್ಕೆ ಮುಗಿಯುವುದು. 25, 26 ಎರಡೂ ಬಿಡುವಿನ ದಿನಗಳು. ಭಾನುವಾರ ಅಂಗಡಿಗಳು ಮುಚ್ಚಿರುವವು. ಅದೂ ಅಲ್ಲದೆ, ಕ್ರಿಸ್ಮಸ್ ರಾತ್ರಿ ಮನೆಯಲ್ಲಿ ನಕ್ಷತ್ರದ ಗೂಡುದೀಪ ಕಟ್ಟದೆ, ಮೊಮ್ಮಕ್ಕಳನ್ನು ಬಿಟ್ಟು ಇರುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ. ಹಾಗಾಗಿ ಆಗಮನ ಕಾಲದಲ್ಲಿ, ಡಿಸೆಂಬರ್ 6ಕ್ಕೆ ಹೊರಟು 18ಕ್ಕೆ ಮರಳುವುದೆಂದು ಗೊತ್ತುಮಾಡಿದೆವು. ಉಪಾಧ್ಯಾಯಿನಿಯವರು ವರ್ಷವಿಡೀ ಕೂಡಿಟ್ಟ ರಜೆಯನ್ನೆಲ್ಲ ಇದಕ್ಕೆ ವಿನಿಯೋಗಿಸುವರು.

ಪ್ರವೇಶದ ಪರವಾನಿಗೆಯಾದ ವೀಸಾ ವಿಚಾರವನ್ನು ಮುಂದೆ ಹೋಗುವವರ ಪ್ರಯೋಜನಕ್ಕಾಗಿ ಹೇಳುವೆವು. ಸ್ವಿಟ್ಜರ್ಲೆಂಡ್ 2008ರಿಂದ ಷೆಂಗೆನ್ ಒಕ್ಕೂಟದ ಪ್ರಯಾಣ ವ್ಯವಸ್ಥೆಯಲ್ಲಿ ಸೇರಿರುವುದರಿಂದ ಒಂದೇ ವೀಸಾದಲ್ಲಿ ಜರ್ಮನಿಗೂ ಹೋಗಬಹುದು. ಹೆಚ್ಚು ದಿನ ಯಾವ ದೇಶದಲ್ಲಿ ತಂಗುವೆವೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ತೆಗೆದುಕೊಳ್ಳುವರು. ಹದಿನೈದು ದಿನಕ್ಕಿಂತ ತಡಮಾಡಕೂಡದು. 30,000 ಯೂರೋವಿಗೆ ಕಡಿಮೆಯಿಲ್ಲದ ಆರೋಗ್ಯ ವಿಮೆ ಬೇಕು; ವಯಸ್ಸಾದವರಿಗೆ ಅದರ ಕಂತು ಹೆಚ್ಚು. ಬೆರಳಚ್ಚು ಕೊಡುವುದಕ್ಕೆ ಸ್ವತಃ ಹೋಗಲೇಬೇಕಾದುದರಿಂದ ಸಪ್ಟೆಂಬರಿನಲ್ಲಿ ನಾಲ್ವರೂ ಬೆಂಗಳೂರಿಗೆ ಹೋಗುವೆವು. ಅಕ್ಕನವರಿಗೆ ಪಾಸ್‌ಪೋರ್ಟೇ ಇರಲಿಲ್ಲ. ಜನನದ ದಾಖಲೆಯೂ ಸಿಕ್ಕಲಿಲ್ಲ. ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಹೆಸರು ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ. ಕೊನೆಗೆ ಕೈಹಿಡಿದದ್ದು ನಮ್ಮ ಶಾಲೆ. ಕಚೇರಿಯವರು ಹಳೆಯ ದಾಖಲೆ ಪುಸ್ತಕವನ್ನು ಕಪಾಟಿನಿಂದ ತೆಗೆದು, ಹುಟ್ಟಿದ ತಾರೀಕನ್ನು ತೋರಿಸಿ ಪ್ರಮಾಣಪತ್ರ ಬರೆದುಕೊಟ್ಟರು. ತಮ್ಮ ಹೆಸರಿನ ಮುಂದೆ ತಮ್ಮ ತಂದೆಯವರ ಸಹಿಯನ್ನು ನೋಡಿ ಅಕ್ಕನವರು ಬಹಳ ಹೊತ್ತು ಪುಸ್ತಕವನ್ನು ಮುಚ್ಚಗೊಡಲಿಲ್ಲ.

ಹಿಮವನ್ನು ನೋಡದೆ ಬರುವುದುಂಟೇ ಎಂದು ಕೇಳುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಬಾಸೆಲ್ ತಗ್ಗಿನ ಊರು. ಪೇಟೆಯಲ್ಲಿ ಹಿಮ ಬಿದ್ದರೂ ಬಹಳ ದಿನ ನಿಲ್ಲುವುದಿಲ್ಲ. ಹಿಮಕ್ಕೆ ಬೆಟ್ಟಕ್ಕೇ ಹೋಗಬೇಕು. 1912ರಲ್ಲಿ ರೈಲುದಾರಿ ಮುಗಿದ ಯುಂಗ್‌ಫ್ರೌಯೋಕ್ ಪ್ರಸಿದ್ಧವಾದುದು. ಆದರೆ ಅದು 3,454 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿ ತೆಳ್ಳಗಾದುದರಿಂದ ಅಕ್ಕನವರಿಗೆ ಅದು ಬೇಡವೆಂದು ದಾದಿಯವರು ಖಂಡಿತವಾಗಿ ಹೇಳಿದರು. ಅದರ ಬದಲಿಗೆ ಲುಸರ್ನ್ ಸರೋವರದ ಬಳಿಯ ರಿಗಿ ಬೆಟ್ಟವನ್ನು ಆರಿಸಿಕೊಂಡೆವು. ಅದರ ಎತ್ತರ ಸುಮಾರು 1,800 ಮೀಟರ್, ಅಂದರೆ ಕಾರ್ಕಳದವರಿಗೆ ದಿನವೂ ಕಾಣುವ ಮಲೆಗಳಲ್ಲಿ ಹಿರಿದಾದ ಕುದುರೆಮುಖಕ್ಕಿಂತ ತುಸು ಕಡಿಮೆ. 1871ರಲ್ಲಿ ಹಲ್ಲುಗಾಲಿಯ ರೈಲು ಅದನ್ನು ಹತ್ತಿತು. ಯೂರೋಪಿನಲ್ಲಿ ಬೆಟ್ಟ ಹತ್ತಿದ ಮೊದಲನೆಯ ಹಲ್ಲುಗಾಲಿ ರೈಲು ಅದೇ. ಆ ದೇಶದ ಮಾಗಿಯಲ್ಲಿ ತಗ್ಗಿನ ಊರುಗಳ ಮೇಲೆ ದಿನಗಟ್ಟಲೆ ಮಂಜು ಮುಸುಕಿರುವುದುಂಟು. ಕೆಳಗಿರುವವರಿಗೆ ಸೂರ್ಯನೇ ಇಲ್ಲ; ಬೆಟ್ಟ ಹತ್ತಿದವರಿಗೆ ಮೇಲೆ ಒಳ್ಳೆಯ ಬಿಸಿಲು, ಕಾಲ ಕೆಳಗೆ ಮಂಜಿನ ಕಡಲು. ಆದಕಾರಣ ರಿಗಿಗೆ ಇಂಥ ದಿನವೇ ಎಂದು ನಾವು ಕಟ್ಟುಹಾಕಿಕೊಂಡಿಲ್ಲ. ಮುಂಜಾನೆ ಮಂಜನ್ನು ನೋಡಿಯೇ ಹೊರಡುವೆವು.

ಉಡುಪಿನ ವಿಷಯದಲ್ಲಿ ದಾದಿಯವರ ಮಾತೇ ಕಟ್ಟಳೆ. ಒಂದೇ ದಪ್ಪ ಕಂಬಳಿಯಂಗಿಗಿಂತ ಒಂದರ ಮೇಲೊಂದು ತೆಳು ಉಣ್ಣೆಯ ಬಟ್ಟೆ ಮೇಲು. ನಡುವೆ ನಿಂತ ಗಾಳಿಯೇ ಮೈಯ ಬಿಸಿಯನ್ನು ಕಾಯುವುದು. ಅಕ್ಕನವರು ಸೀರೆಯನ್ನು ಬಿಡುವುದಿಲ್ಲ. ಒಳಗೆ ಉಣ್ಣೆಯ ಕಾಲುಚೀಲ, ಚಲ್ಲಣಗಳನ್ನು ತೊಡುವುದಕ್ಕೆ ಒಪ್ಪಿರುವರು. ಜೀವಮಾನವೆಲ್ಲ ಚಪ್ಪಲಿಯಲ್ಲಿ ನಡೆದ ಪಾದಗಳಿಗೆ ಬೂಟು ಪಳಗಬೇಕೆಂದು ಈಗಲೇ ಕೊಂಡು, ಪ್ರತಿ ಸಂಜೆ ಆನೆಕೆರೆಯ ಸುತ್ತ ನಡೆಯುತ್ತಿರುವರು. ನೋಡಿದ ಮಕ್ಕಳು ನಗುತ್ತಾರಂತೆ. ತಿಂಡಿಯಲ್ಲಿ ತುಪ್ಪ, ಹಾಲಿನ ಸಿಹಿ, ಮಾಂಸ ಇವುಗಳನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ಯಲಾಗದು. ಮಾವಿನ ಉಪ್ಪಿನಕಾಯಿ, ಹಪ್ಪಳ, ಎರಡು ಸೇರು ಕುಚ್ಚಲಕ್ಕಿ ಬರುವವು.

ಬಾಸೆಲಿನಲ್ಲಿ ಮೊದಲು ನೋಡತಕ್ಕದ್ದು 1860ರಲ್ಲಿ ಕಟ್ಟಿದ ಮಿಶನ್ ಮನೆ. ಆ ಮನೆಯಿರುವ ಬೀದಿಗೂ ಮಿಶನಿನ ಹೆಸರೇ ಇದೆ. ಉಡುಪಿಯಲ್ಲಿ 1923ರಲ್ಲಿ ಆಸ್ಪತ್ರೆಯನ್ನು ತೆರೆದ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಅವರನ್ನು ಕಳುಹಿಸಿದ್ದೂ ಈ ಮಿಶನೇ. ರೈನ್ ನದಿಯನ್ನು ದಾಟಿಸುವ ನಾಲ್ಕು ದೋಣಿಗಳಿವೆ. ಅವುಗಳಿಗೆ ಯಂತ್ರವಿಲ್ಲ, ಹುಟ್ಟೂ ಇಲ್ಲ. ಮೇಲೆ ಕಟ್ಟಿದ ತಂತಿಯನ್ನು ಹಿಡಿದು ನದಿಯ ಸೆಳವಿನಿಂದಲೇ ಸಾಗುವವು. ಸೇತುವೆಗಳಿಗೆ ಮುಂಚಿನ ನಮ್ಮ ಕಡವುಗಳನ್ನು ಕಂಡವರಿಗೆ ಅದರಲ್ಲಿ ಕೂರಬೇಕೆನಿಸುವುದು. ಅಲ್ಲಿಂದ ಒಂದು ರಾತ್ರಿಯ ಮಟ್ಟಿಗೆ ಜರ್ಮನಿಯ ಟ್ಯೂಬಿಂಗನ್ನಿಗೆ ಹೋಗುವುದು ಉಪಾಧ್ಯಾಯಿನಿಯವರ ಆಸೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕಿಟ್ಟೆಲರು 1903ನೆಯ ಡಿಸೆಂಬರ್ 18ರಂದು ತೀರಿಕೊಂಡದ್ದು ಆ ಊರಿನಲ್ಲಿ.

ಮಿಶನಿನ ಹಳೆಯ ಕಾಗದಪತ್ರಗಳೂ ಸಾವಿರಾರು ಛಾಯಾಚಿತ್ರಗಳೂ ಬಾಸೆಲಿನಲ್ಲಿ ಜೋಪಾನವಾಗಿವೆ. ಚಿತ್ರಗಳನ್ನು ಈಗ ಮನೆಯಲ್ಲಿ ಕುಳಿತು ಗಣಕಯಂತ್ರದಲ್ಲಿಯೂ ನೋಡಬಹುದು. ನಾವು ನೋಡಿದೆವು. ಕನ್ನಡ ಜಿಲ್ಲೆಯ ಹೆಣ್ಣುಮಕ್ಕಳ ಶಾಲೆಗಳು, ಹೊಲಿಗೆಯ ತರಗತಿಗಳು, ದೊರೆಸಾನಿಗಳ ಪಕ್ಕದಲ್ಲಿ ನಿಂತ ಆಯಾಗಳು ಕಂಡರು. ಎಷ್ಟೋ ಚಿತ್ರಗಳ ಅಡಿಯಲ್ಲಿ ಊರಿನ ಹೆಸರಿದೆ, ದೊರೆಯ ಹೆಸರಿದೆ, ನಮ್ಮವರ ಹೆಸರಿಲ್ಲ. ಅಕ್ಕನವರಿಗೆ ಗೊತ್ತಿರುವುದೋ ಆ ಮಗುವಿನ ಹೆಸರು ಮರಿಯಾ ಎಂಬದಷ್ಟೇ. "ಬಾಸೆಲಿನಲ್ಲಿ ಮರಿಯಾಗಳಿಗೆ ಬರವುಂಟೇ, ಅಕ್ಕಾ?" ಎಂದು ದಾದಿಯವರು ಕೇಳಿದರು. "ಮಗು ಸಿಕ್ಕದಿದ್ದರೆ ಬೇಡ ಮಾರಾಯ್ತಿ. ನನ್ನ ಮುತ್ತಜ್ಜಿಯ ಹೆಸರನ್ನಾದರೂ ಅವರ ಪುಸ್ತಕದಲ್ಲಿ ಬರೆಸಿ ಬರುತ್ತೇನೆ" ಎಂದು ಅಕ್ಕನವರು ಉತ್ತರಕೊಟ್ಟರು. ಪತ್ರಾಲಯಕ್ಕೆ ಮೊದಲೇ ಓಲೆ ಬರೆದು ದಿನವನ್ನು ಗೊತ್ತುಮಾಡಿಕೊಳ್ಳುವ ಕೆಲಸ ಉಪಾಧ್ಯಾಯಿನಿಯವರದು.

ಇದನ್ನು ಓದುವ ಸಹೋದರಿಯರಲ್ಲಿಯೂ ಪೋಷಕರಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮ ಮನೆಗಳಲ್ಲಿ ಅಜ್ಜಿ ಮುತ್ತಜ್ಜಿಯರು ಮಿಶನ್ ಶಾಲೆಯಲ್ಲಾಗಲಿ, ಬಂಗಲೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ತೆಗೆಸಿಕೊಂಡ ಹಳೆಯ ಚಿತ್ರಗಳಿದ್ದರೆ, ಮೂಲವನ್ನು ನಿಮ್ಮಲ್ಲಿಯೇ ಇಟ್ಟುಕೊಂಡು ಪ್ರತಿಯನ್ನು ಮಾತ್ರ ಅಕ್ಟೋಬರ್ ಮುಗಿಯುವುದರೊಳಗೆ ಶಾಲೆಯ ಕಚೇರಿಗೆ ಮುಟ್ಟಿಸಿರಿ. ಎಡದಿಂದ ಬಲಕ್ಕೆ ಯಾರು ಯಾರು ನಿಂತಿರುವರೆಂದು ಪ್ರತಿಯ ಬೆನ್ನಿನ ಮೇಲೆ ಬರೆಯಿರಿ. ಮನೆತನದ ಹೆಸರು, ಊರು ಸಹ ಇರಲಿ. ಪೆನ್ಸಿಲಿನಿಂದ ಬರೆದರೆ ಒಳ್ಳೆಯದು, ಶಾಯಿ ಹರಡುವುದು.