ಕೇಳಿ ತಿನ್ನುವ ಶಿಷ್ಟಾಚಾರ

ಅಕ್ಕಿಯ ತಿನಿಸಿನ ಬಗ್ಗೆ ಕ್ಯಾತ್ಸಂದ್ರದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಸಾಗುವ ಎಷ್ಟೋ ವಾಹನಗಳು ನಮ್ಮೂರಿನ ತಟ್ಟೆ ಇಡ್ಲಿಗಾಗಿಯೇ ನಿಲ್ಲುತ್ತವೆ. ಅಕ್ಕಿ, ಉದ್ದು, ಉಪ್ಪು, ಹಬೆ. ಮೇಲೆ ಒಂದಿಷ್ಟು ಬೆಣ್ಣೆ. ಅದನ್ನು ತಿನ್ನುವಾಗ ಇದರಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಹಿಟ್ಟಿನ ಪಾತ್ರೆ, ಏಳುವ ಹಬೆ, ಬಡಿಸುವ ಕೈ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಹತ್ತಿರದ ಸಿದ್ಧಗಂಗಾ ಮಠದ ದಾಸೋಹದಲ್ಲಿ ದಿನವೂ ಸಾವಿರಾರು ಮಕ್ಕಳು ಉಣ್ಣುತ್ತಾರೆ. ಅಲ್ಲಿ ‘ನೀನು ಯಾರು’ ಎಂದು ಕೇಳಿ ಅನ್ನ ಬಡಿಸುವ ಪದ್ಧತಿಯಿಲ್ಲ. ಇಂತಹ ಊರಿನಲ್ಲಿ ಬೆಳೆದವರಿಗೆ ತಟ್ಟೆಯ ಮುಂದೆ ಕುಳಿತು ಪ್ರಶ್ನೆ ಕೇಳುವುದು ಸಂಕೋಚದ ಸಂಗತಿಯಾಗಿ ತೋರುವುದು ಸಹಜವೇ.

ಆದರೆ ಇಂದು ನಮ್ಮ ಮಕ್ಕಳು ತಿನ್ನುವ ಅನೇಕ ಪದಾರ್ಥಗಳ ಅಡುಗೆಮನೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದು ಬೇರೆ ನಗರದಲ್ಲಿ, ಕೆಲವೊಮ್ಮೆ ಬೇರೆ ದೇಶದಲ್ಲಿ ಇರುತ್ತದೆ. ಅಂತಹ ತಿನಿಸು ಎದುರಾದಾಗ ಸತ್ಯವಿಶ್ವಾಸಿ ಹೇಗೆ ನಡೆದುಕೊಳ್ಳಬೇಕು ಎಂಬ ವಿಚಾರವು ಕಳೆದ ಬೇಸಿಗೆಯಲ್ಲಿ ಒಂದು ಪುಟ್ಟ ಐಸ್‌ಕ್ರೀಮ್ ಅಂಗಡಿಯಲ್ಲಿ ನಮ್ಮ ಕುಟುಂಬದ ಮುಂದೆ ಬಂದು ನಿಂತಿತು.

ಬೆಂಗಳೂರಿನಲ್ಲಿ ಪದವಿ ಓದುತ್ತಿರುವ ಮಗಳನ್ನು ಕಾಣಲು ನಾನು, ನನ್ನ ಮಡದಿ ಮತ್ತು ವಯಸ್ಸಾದ ನನ್ನ ತಾಯಿ ರೈಲಿನಲ್ಲಿ ಹೋಗಿದ್ದೆವು. ಅಸರ್ ನಮಾಝ್ ಮುಗಿಸಿ ಇಂದಿರಾನಗರದ ಕಡೆ ನಡೆಯುತ್ತಿದ್ದಾಗ ಮಗಳು ಓಣಿಯೊಂದರ ಅಂಗಡಿಯ ಮುಂದೆ ನಿಂತಳು. ನಾಲ್ಕೈದು ಜನ ಕೂರುವಷ್ಟೇ ಜಾಗ. ಗಾಜಿನ ಪೆಟ್ಟಿಗೆಯಲ್ಲಿ ನಿಂಬೆಹಣ್ಣಿನ ಗಾತ್ರದ, ಹಿಟ್ಟು ಸವರಿದ ಉಂಡೆಗಳು. ಬಿಳಿ, ಗುಲಾಬಿ, ತಿಳಿಹಸಿರು. ಜಪಾನೀ ಶೈಲಿಯ ‘ಮೋಚಿ’ ಐಸ್‌ಕ್ರೀಮ್ ಎಂದು ಅವಳು ವಿವರಿಸಿದಳು. ಹೊರಗೆ ಮೆತ್ತನೆಯ ಅಕ್ಕಿಯ ಹೊದಿಕೆ, ಒಳಗೆ ಐಸ್‌ಕ್ರೀಮ್.

“ರುಚಿ ಹೇಗಿರುತ್ತದಮ್ಮಾ?” ಎಂದು ಕೇಳಿದೆ.

“ಗೊತ್ತಿಲ್ಲ ಅಬ್ಬಾ. ಗೆಳತಿಯರ ಜೊತೆ ಮೂರು ಸಲ ಬಂದಿದ್ದೇನೆ. ಒಂದು ಸಲವೂ ತಿಂದಿಲ್ಲ.”

“ಯಾಕೆ?”

ಅವಳು ದನಿ ತಗ್ಗಿಸಿದಳು. “ಏನು ಹಾಕಿರುತ್ತಾರೋ ಗೊತ್ತಿಲ್ಲವಲ್ಲ. ಕೇಳಿದರೆ ಎಲ್ಲರೂ ನನ್ನ ಕಡೆಯೇ ನೋಡುತ್ತಾರೆ. ಗಂಟಲು ನೋವು ಎಂದು ಹೇಳಿ ನೀರು ಕುಡಿದು ಕುಳಿತಿರುತ್ತೇನೆ.”

ಆ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ಸಂದೇಹವಿದ್ದುದನ್ನು ಅವಳು ಮುಟ್ಟಲಿಲ್ಲ. ಅದು ಸಂತೋಷದ ಸಂಗತಿ. ಆದರೆ ತನ್ನ ವಿಶ್ವಾಸವನ್ನು ಕಾಪಾಡಿಕೊಳ್ಳಲು ಹತ್ತೊಂಬತ್ತರ ಹುಡುಗಿ ಗಂಟಲು ನೋವಿನ ಸುಳ್ಳಿನ ಹಿಂದೆ ಅಡಗಬೇಕಾಗಿ ಬಂದಿತ್ತು. ತಲೆವಸ್ತ್ರ ಧರಿಸಿದವಳು ಒಂದು ಪ್ರಶ್ನೆ ಕೇಳಿದರೆ ಆ ಪ್ರಶ್ನೆ ಅವಳೊಬ್ಬಳದಾಗಿ ಉಳಿಯುವುದಿಲ್ಲ, ಇಡೀ ಸಮುದಾಯದ ಹೆಸರಿಗೆ ಅಂಟಿಕೊಳ್ಳುತ್ತದೆ ಎಂಬ ಭಯ ಅವಳದು. ಈ ಭಯ ಎಷ್ಟೋ ಮನೆಗಳ ಮಕ್ಕಳಲ್ಲಿದೆ. ಕೆಲವರು ಅವಳಂತೆ ಸುಮ್ಮನೆ ಕುಳಿತಿರುತ್ತಾರೆ. ಕೆಲವರು ಕೇಳುವ ಗೋಜಿಗೇ ಹೋಗದೆ ತಿಂದುಬಿಡುತ್ತಾರೆ.

ನಾನು ಗಲ್ಲೆಯ ಬಳಿಗೆ ಹೋಗಿ ಅಲ್ಲಿದ್ದ ಯುವಕನಿಗೆ ಹೇಳಿದೆ: “ತಮ್ಮಾ, ನಾವು ಮುಸ್ಲಿಮರು. ಪ್ರಾಣಿಜನ್ಯ ಜೆಲಟಿನ್ ಅಥವಾ ಮದ್ಯ ಬೆರೆಸಿದ್ದನ್ನು ತಿನ್ನುವುದಿಲ್ಲ. ಇವುಗಳಲ್ಲಿ ಯಾವುದನ್ನು ತಿನ್ನಬಹುದು, ದಯವಿಟ್ಟು ಹೇಳುತ್ತೀಯಾ?”

ಅವನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. “ಒಂದು ನಿಮಿಷ ಸರ್” ಎಂದು ಒಳಗಿನಿಂದ ಅಕ್ಕಿಹಿಟ್ಟಿನ ಪೊಟ್ಟಣವನ್ನೂ ಐಸ್‌ಕ್ರೀಮ್ ಡಬ್ಬಿಯನ್ನೂ ತಂದು ಅವುಗಳ ಮೇಲಿನ ಬರಹವನ್ನು ನಮ್ಮ ಮುಂದೆಯೇ ಓದಿದ. ಮಾವಿನದು, ಎಳ್ಳಿನದು, ಮಾಚಾ ಎಂಬ ಹಸಿರು ಚಹಾಪುಡಿಯದು, ಈ ಮೂರರಲ್ಲಿ ಅಂತಹದ್ದೇನೂ ಇಲ್ಲ ಎಂದ. ನಾಲ್ಕನೆಯದನ್ನು ತೋರಿಸಿ, “ಇದರ ಮೇಲೆ ಸುರಿಯುವ ಪಾಕ ಹೊರಗಿನಿಂದ ಬರುತ್ತದೆ. ಅದರಲ್ಲಿ ಏನಿದೆಯೋ ನನಗೆ ಖಚಿತವಿಲ್ಲ, ಇದು ಬೇಡ ಸರ್” ಎಂದ. ‘ಖಚಿತವಿಲ್ಲ’ ಎಂಬ ಆ ಒಂದು ಮಾತಿನಿಂದಲೇ ಅವನ ಉಳಿದ ಮಾತುಗಳ ಮೇಲೆ ನಂಬಿಕೆ ಮೂಡಿತು. ಪಕ್ಕದಲ್ಲಿ ಕುಳಿತಿದ್ದ ತರುಣಿಯೊಬ್ಬಳು, “ಮೊಟ್ಟೆ ಇದೆಯಾ? ನಾವು ತಿನ್ನುವುದಿಲ್ಲ” ಎಂದು ತಾನೂ ವಿಚಾರಿಸಿದಳು. ಮಗಳು ಅವಳತ್ತ ನೋಡಿದಳು. ಕೇಳಬೇಕಾದವರು ತಾನೊಬ್ಬಳೇ ಅಲ್ಲವೆಂಬುದು ಆಗ ಅವಳಿಗೆ ತಿಳಿಯಿತು.

ಯುವಕ ನನ್ನ ತಾಯಿಯ ಪಾಲಿನದನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಕೊಟ್ಟು, “ನಿಧಾನಕ್ಕೆ ತಿನ್ನಿ ಅಜ್ಜಿ, ಅಂಟುತ್ತದೆ” ಎಂದ. ಅವನ ಎಚ್ಚರಿಕೆ ಸರಿಯಾದುದೇ. ಜಪಾನಿನಲ್ಲಿ ಹೊಸ ವರ್ಷದ ದಿನಗಳಲ್ಲಿ ಮೋಚಿ ಗಂಟಲಿಗೆ ಸಿಕ್ಕಿ ವೃದ್ಧರು ಅಪಾಯಕ್ಕೊಳಗಾಗುವುದುಂಟು. ಅಲ್ಲಿನ ಅಧಿಕಾರಿಗಳು ಈ ಬಗ್ಗೆ ಎಚ್ಚರಿಸುತ್ತಲೇ ಇರುತ್ತಾರೆ. ಅಮ್ಮ ಒಂದು ತುಂಡು ಬಾಯಿಗಿಟ್ಟು, “ಇದು ನಮ್ಮ ಅಕ್ಕಿ ಕಡುಬಿನ ತಂಗಿ” ಎಂದರು.

ಅವರ ಮಾತಿನಲ್ಲಿ ಹುರುಳಿದೆ. ಮೋಚಿಯನ್ನು ಒಂದು ಬಗೆಯ ಅಂಟಕ್ಕಿಯನ್ನು ಬೇಯಿಸಿ, ಒನಕೆಯಂತಹ ಸುತ್ತಿಗೆಯಿಂದ ಕುಟ್ಟಿ ಮಾಡುತ್ತಾರೆ. ಅಂಗಡಿಗಳಲ್ಲಿ ಅದೇ ಅಕ್ಕಿಯ ಹಿಟ್ಟನ್ನು ನೀರು, ಸಕ್ಕರೆಯೊಂದಿಗೆ ಬೇಯಿಸಿ ನಾದುವುದೂ ಉಂಟು. ಅದರೊಳಗೆ ಐಸ್‌ಕ್ರೀಮ್ ತುಂಬಿದ ತಿನಿಸನ್ನು ಜಪಾನಿನ ಲೊಟ್ಟೆ ಕಂಪನಿ 1981ರಲ್ಲಿ ಮಾರುಕಟ್ಟೆಗೆ ತಂದಿತು. 1990ರ ದಶಕದಲ್ಲಿ ಅದನ್ನು ಅಮೆರಿಕದಲ್ಲಿ ಮನೆಮಾತಾಗಿಸಿದವರು ಲಾಸ್ ಏಂಜಲೀಸ್ ನಗರದ ಮಿಕಾವಾಯಾ ಎಂಬ ಮಿಠಾಯಿ ಅಂಗಡಿಯ ಒಡತಿ ಫ್ರಾನ್ಸಿಸ್ ಹಾಶಿಮೊಟೊ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರಕಾರವು ಜಪಾನೀ ಮೂಲದ ತನ್ನದೇ ಪ್ರಜೆಗಳನ್ನು ಸಂಶಯದಿಂದ ಕಂಡು ಶಿಬಿರಗಳಲ್ಲಿ ಕೂಡಿಹಾಕಿತ್ತು. ಅರಿಜೋನಾದ ಅಂತಹದೇ ಪೋಸ್ಟನ್ ಶಿಬಿರದಲ್ಲಿ 1943ರಲ್ಲಿ ಈಕೆ ಜನಿಸಿದರು. ಗುರುತಿನ ಕಾರಣಕ್ಕೆ ಬಂಧನದಲ್ಲಿ ಹುಟ್ಟಿದ ಆ ಮಗು ಬೆಳೆದು ತನ್ನ ಜನರ ತಿನಿಸನ್ನು ಮರೆಮಾಚದೆ, ಅದೇ ಹೆಸರಿನಲ್ಲಿ ಎಲ್ಲರ ಮುಂದಿಟ್ಟಿತು. ಮಗಳಿಗೆ ಇದನ್ನು ಹೇಳಿದಾಗ ಅವಳು ಗಮನವಿಟ್ಟು ಕೇಳಿದಳು.

ಇಂತಹ ಅಂಗಡಿಗಳಿಗೆ ಹೋಗುವ ನಮ್ಮ ಕುಟುಂಬಗಳು ಕೆಲವು ವಿಷಯಗಳನ್ನು ತಿಳಿದಿರುವುದು ಒಳ್ಳೆಯದು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಹಾಗಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಜೆಲಟಿನ್ ಅದರಲ್ಲಿ ಇರುವಂತಿಲ್ಲ. ಐಸ್‌ಕ್ರೀಮ್‌ಗೆ ಬಳಸುವ 471 ಸಂಖ್ಯೆಯ ಪದಾರ್ಥವು ಸಸ್ಯದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಅಲ್ಲಿಯೂ ಈ ಗುರುತು ನೆರವಾಗುತ್ತದೆ. ಆದರೆ ಮದ್ಯದ ಬಗ್ಗೆ ಹಸಿರು ಚುಕ್ಕೆ ಏನನ್ನೂ ಹೇಳುವುದಿಲ್ಲ. ಜಪಾನೀ ಅಡುಗೆಯಲ್ಲಿ ‘ಸಾಕೆ’ ಎಂಬ ಅಕ್ಕಿಯ ಮದ್ಯವನ್ನೂ ‘ಮಿರಿನ್’ ಎಂಬ ಸಿಹಿ ಮದ್ಯವನ್ನೂ ಬಳಸುವ ರೂಢಿಯಿದೆ. ಇನ್ನು ಕಂದು ಗುರುತು ಕಂಡೊಡನೆ ಹರಾಮ್ ಎಂದು ತೀರ್ಮಾನಿಸಬೇಕಾಗಿಲ್ಲ. ಕೇವಲ ಮೊಟ್ಟೆಯಿದ್ದರೂ ಆ ಗುರುತು ಹಾಕುತ್ತಾರೆ. ಗುರುತು ಹೇಳದೆ ಬಿಟ್ಟದ್ದನ್ನು ನಾವು ಬಾಯಿಬಿಟ್ಟು ಕೇಳಲೇಬೇಕು.

ಅಪರಿಚಿತವಾದುದೆಲ್ಲ ನಿಷಿದ್ಧವೆಂದು ಇಸ್ಲಾಮ್ ಕಲಿಸಿಲ್ಲ. ಆಹಾರದ ವಿಷಯದಲ್ಲಿ ಮೂಲತಃ ಅನುಮತಿಯೇ ಇದೆ, ನಿಷೇಧಕ್ಕೆ ಆಧಾರ ಬೇಕು ಎಂಬುದು ಕರ್ಮಶಾಸ್ತ್ರದ ಪ್ರಸಿದ್ಧ ನಿಯಮ. ಮೈಮೂನಾ(ರ) ಅವರ ಮನೆಯಲ್ಲಿ ಪ್ರವಾದಿ(ಸ)ಯವರ ಮುಂದೆ ಸುಟ್ಟ ಉಡದ ಮಾಂಸವನ್ನು ಇಡಲಾಯಿತು. ಪ್ರವಾದಿ(ಸ) ಕೈ ಹಿಂದೆಗೆದರು. ಇದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ತಮ್ಮ ಜನರ ನಾಡಿನಲ್ಲಿ ಅದು ಇಲ್ಲದ್ದರಿಂದ ತಮಗೆ ಹಿಡಿಸದು ಎಂಬರ್ಥದ ಉತ್ತರ ಬಂತು. ಖಾಲಿದ್(ರ) ಅವರ ಎದುರಿನಲ್ಲೇ ಅದನ್ನು ತಿಂದರು. ಈ ಘಟನೆಯಲ್ಲಿ ಖಾಲಿದ್(ರ) ಪ್ರಶ್ನೆ ಕೇಳಿದ ರೀತಿಯನ್ನು ಗಮನಿಸಬೇಕು. ಅವರು ಊಹಿಸಿ ಬಿಡಲಿಲ್ಲ, ಊಹಿಸಿ ತಿನ್ನಲೂ ಇಲ್ಲ. ಕೇಳಿ ತಿಳಿದು ತಿಂದರು. ಸಂದೇಹಾಸ್ಪದ ವಿಷಯಗಳಿಂದ ದೂರ ನಿಲ್ಲುವವನು ತನ್ನ ಧರ್ಮವನ್ನೂ ಗೌರವವನ್ನೂ ಕಾಪಾಡಿಕೊಳ್ಳುತ್ತಾನೆ ಎಂಬುದೂ ಪ್ರವಾದಿ(ಸ)ಯವರ ಬೋಧನೆಯೇ. ಕೇಳಿದ ಮೇಲೂ ಉಳಿಯುವ ಸಂದೇಹಕ್ಕೆ ಆ ಬೋಧನೆ ದಾರಿ ತೋರುತ್ತದೆ. ಆ ನಾಲ್ಕನೆಯ ಉಂಡೆಯನ್ನು ನಾವು ಬಿಟ್ಟದ್ದು ಹಾಗೆ.

ಇಂತಹ ತಿನಿಸಿನ ಬೆಲೆಯನ್ನೂ ಮರೆಯುವಂತಿಲ್ಲ. ಅಂದು ಒಂದು ಮೋಚಿಗೆ ಕೊಟ್ಟ ಹಣದಲ್ಲಿ ನಮ್ಮೂರಿನಲ್ಲಿ ನಾಲ್ವರು ಹೊಟ್ಟೆ ತುಂಬ ತಟ್ಟೆ ಇಡ್ಲಿ ತಿನ್ನಬಹುದು. ಆದ್ದರಿಂದ ನಾಲ್ವರಿಗೆ ಎರಡನ್ನೇ ತೆಗೆದುಕೊಂಡೆವು. ಹಲಾಲ್ ಆದದ್ದೂ ಮಿತಿ ಮೀರಿದರೆ ದುಂದುವೆಚ್ಚವೇ. ಅಪರೂಪಕ್ಕೊಮ್ಮೆ ಹಂಚಿ ತಿಂದದ್ದರ ಸವಿಯೇ ಬೇರೆ.

ಹೆತ್ತವರೇ, ಯಾವುದನ್ನು ತಿನ್ನಬಾರದು ಎಂಬುದು ನಮ್ಮ ಮಕ್ಕಳಿಗೆ ಬಾಲ್ಯದಲ್ಲೇ ಬಾಯಿಪಾಠವಾಗಿರುತ್ತದೆ. ಅದರ ಜೊತೆಗೆ ಒಂದು ವಾಕ್ಯವನ್ನೂ ಅವರ ನಾಲಿಗೆಗೆ ರೂಢಿ ಮಾಡಿಸೋಣ: “ಇದರಲ್ಲಿ ಏನೇನಿದೆ, ದಯವಿಟ್ಟು ಹೇಳುತ್ತೀರಾ?” ಅದರಲ್ಲಿ ಮಾರುವವನ ಬಗ್ಗೆ ತಿರಸ್ಕಾರವಿಲ್ಲ, ತನ್ನ ಗುರುತಿನ ಬಗ್ಗೆ ನಾಚಿಕೆಯೂ ಇಲ್ಲ. ಪ್ರಾಮಾಣಿಕ ವ್ಯಾಪಾರಿಗೆ ಅದು ಸತ್ಯ ನುಡಿಯುವ ಅವಕಾಶ. ಕೇಳುವ ಮಗುವಿಗಂತೂ ಸುಳ್ಳಿನ ಆಸರೆಯಿಲ್ಲದೆ ಗೆಳತಿಯರ ನಡುವೆ ಕುಳಿತುಕೊಳ್ಳುವ ಧೈರ್ಯ. ಮಕ್ಕಳ ಹೊಟ್ಟೆಗೆ ಶುದ್ಧವಾದುದನ್ನೂ ಅವರ ನಾಲಿಗೆಗೆ ಸತ್ಯವನ್ನೂ ಅಲ್ಲಾಹನು ಕರುಣಿಸಲಿ.