ಕರೆಯ ಬದಿಯಲ್ಲಿ ನಿಂತವರು

ಚಳಿಗಾಲದ ಶನಿವಾರಕ್ಕೆ ಮದುವೆ ಹೇಳಿಕೆ ಬಂದರೆ ನಮ್ಮ ಮೂಡುಬಿದಿರೆ ಕಡೆಯವರು ಮೊದಲು ಕೇಳುವುದು, ‘ಅವತ್ತು ಎಲ್ಲಿ ಕಂಬಳ?’ ಕಡಲಕೆರೆಯಲ್ಲೇ ಆದರೆ ಮದುವೆಮನೆಯವರೂ ಊಟ ಮುಗಿಸಿ ಅಲ್ಲಿಗೇ ಬರುತ್ತಾರೆ. ಕೋಟಿ–ಚೆನ್ನಯ ಜೋಡುಕರೆ ಅದು. ವೇಣೂರಿನಲ್ಲಿ ಸೂರ್ಯ–ಚಂದ್ರ, ಮಿಯ್ಯಾರಿನಲ್ಲಿ ಲವ–ಕುಶ. ಕೋಣ ಓಡಿಸುವ ಕೆಸರಿನ ಕರೆಗೂ ಮಕ್ಕಳಿಗೆ ಇಟ್ಟ ಹಾಗೆ ಹೆಸರಿಡುವ ಜನ ನಾವು.

ನನ್ನ ಪಕ್ಕದಲ್ಲಿ ಪ್ರತಿವರ್ಷ ನಿಲ್ಲುವ ಅಜ್ಜರೊಬ್ಬರಿದ್ದಾರೆ. ಓಟ ಶುರುವಾಗುವ ಗಂತಿನಲ್ಲಿ ಕೋಣ ನಿಂತ ರೀತಿ ನೋಡಿಯೇ ‘ಬಲಬದಿಯದಕ್ಕೆ ಇವತ್ತು ಮನಸ್ಸಿಲ್ಲ ಮಾರಾಯ್ರೆ’ ಎನ್ನುತ್ತಾರೆ. ಹೆಚ್ಚಿನ ಸಲ ಹಾಗೇ ಆಗುತ್ತದೆ. ಕನೆಹಲಗೆ ಓಟದಲ್ಲಿ ಚಿಮ್ಮಿದ ನೀರು ಆರೂವರೆ ಕೋಲಿನ ನಿಶಾನೆ ಮುಟ್ಟಿತೋ ಏಳೂವರೆಯದ್ದೋ ಎಂಬುದು ಮೈಕಿಗಿಂತ ಮೊದಲು ಅವರ ಬಾಯಿಂದ ಬಂದಿರುತ್ತದೆ. ಇಷ್ಟು ಬಲ್ಲವರನ್ನು, ಕಂಬಳ ಹೇಗೆ ನಡೆಯಬೇಕು ಎಂದು ಒಂದು ದಿನವೂ ಯಾರೂ ಕೇಳಿದ್ದಿಲ್ಲ. ಸಮಿತಿಯವರ ಮಾತು ನಡೆಯುತ್ತದೆ, ಕೋಣದ ಯಜಮಾನರ ಮಾತಿಗೂ ಬೆಲೆಯಿದೆ. ಇರಲೇಬೇಕು. ವರ್ಷವಿಡೀ ಹುರುಳಿ ಬೇಯಿಸಿ, ಎಣ್ಣೆ ತಿಕ್ಕಿ ಕೋಣ ಸಾಕುವುದು ಸಣ್ಣ ಕೆಲಸವಲ್ಲ. ಆದರೆ ಬದಿಯಲ್ಲಿ ರಾತ್ರಿಯಿಡೀ ನಿಂತವರ ಮಾತು ಎಲ್ಲಿ ಹೇಳಬೇಕು?

ಕಂಬಳ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕಂಬಳಕ್ಕೂ ಉರುಳಾಯಿತು. 2016ರ ಕೊನೆಗೆ ಹೈಕೋರ್ಟಿನ ತಡೆ ಬಂತು. 2017ರ ಜನವರಿ 28ರಂದು ಕಂಬಳದ ಜನ ಕೋಣಗಳ ಸಮೇತ ಇದೇ ಮೂಡುಬಿದಿರೆಯಲ್ಲಿ ಸೇರಿದರು. ಕೋಣ ಸಾಕದವರು, ಒಂದು ದಿನವೂ ಕರೆಗೆ ಇಳಿಯದವರು, ನೋಡುವುದೊಂದೇ ಸಂಬಂಧ ಇದ್ದವರು ಅವತ್ತು ಬಿಸಿಲಿಗೆ ನಿಂತರು. ಫೆಬ್ರವರಿ 13ಕ್ಕೆ ವಿಧಾನಸಭೆ ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿ ಮಸೂದೆ ಒಪ್ಪಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕಂಬಳಕ್ಕೆ ಅವಕಾಶ ಕೊಟ್ಟ ಕಾನೂನನ್ನು ಎತ್ತಿಹಿಡಿಯಿತು. ಕಷ್ಟಕಾಲದಲ್ಲಿ ಕರೆಸಿಕೊಂಡವರನ್ನು ಸುಖಕಾಲದಲ್ಲೂ ಕರೆಯಬೇಕು ಎಂಬುದು ನನ್ನ ತಕರಾರು.

ನಮ್ಮ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ನೆನಪಿರಬಹುದು. ಅದು ಲೋಕವೆಲ್ಲ ಸುತ್ತಿದ್ದು ಸಾಮಾನ್ಯ ಜನ ಮೊಬೈಲಿನಿಂದ ಮೊಬೈಲಿಗೆ ದಾಟಿಸಿದ್ದರಿಂದ.

ಹೊರಗೆ ನೋಡುಗರ ಮಾತಿಗೆ ದಾರಿ ಮಾಡಿಕೊಂಡವರಿದ್ದಾರೆ. ಜರ್ಮನಿಯ ಫುಟ್‌ಬಾಲಿನಲ್ಲಿ 1998ರಿಂದ ಒಂದು ನಿಯಮವಿದೆ: ದುಡ್ಡು ಹಾಕುವವರು ಯಾರೇ ಬರಲಿ, ಅರ್ಧಕ್ಕಿಂತ ಒಂದು ಹೆಚ್ಚು ಮತ ಕ್ಲಬ್ಬಿನ ಸದಸ್ಯರ ಕೈಯಲ್ಲೇ ಇರಬೇಕು. ಬೆರಳೆಣಿಕೆಯ ಕ್ಲಬ್ಬುಗಳಿಗೆ ಮಾತ್ರ ಅದರಿಂದ ವಿನಾಯಿತಿ. 2021ರ ಏಪ್ರಿಲಿನಲ್ಲಿ ಯುರೋಪಿನ 12 ಶ್ರೀಮಂತ ಕ್ಲಬ್ಬುಗಳು ತಮಗೇ ಪ್ರತ್ಯೇಕ ಲೀಗ್ ಮಾಡಹೊರಟಾಗ ಅಭಿಮಾನಿಗಳು ಬೀದಿಗಿಳಿದರು. ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಎರಡೇ ದಿನಕ್ಕೆ ಹಿಂದೆ ಸರಿದವು.

ಬೆಂಗಳೂರಿನದನ್ನು ಬರೆಯಲು ಕೈ ತಡೆಯುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಗೆದ್ದ ತಂಡವನ್ನು ಕಣ್ತುಂಬ ನೋಡಬೇಕೆಂದು ಹೋದವರು. ಯಾವ ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ, ಒಳಗೆ ಜಾಗವಿಲ್ಲದವರು ಎಲ್ಲಿ ನಿಲ್ಲಬೇಕು ಎಂಬುದು ಗೇಟಿನ ಹೊರಗೆ ನಿಂತು ಗೊತ್ತಿದ್ದವರಿಗೆ ಮೊದಲು ಹೊಳೆಯುವ ಪ್ರಶ್ನೆ. ಏರ್ಪಾಡು ಮಾಡುವಾಗ ಅಂಥವರು ಒಬ್ಬರಾದರೂ ಜೊತೆಗಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಕಂಬಳದಲ್ಲಿ ಇದು ಕಷ್ಟವಲ್ಲ. ಇಲ್ಲಿ ಹೊರಗಿನ ಕಂಪನಿ ಇಲ್ಲ, ಸಮಿತಿಯವರೆಲ್ಲ ಗುರುತಿನವರೇ. ಪ್ರತಿ ಸಮಿತಿಯಲ್ಲಿ ಕೋಣವೂ ಇಲ್ಲದ, ಹುದ್ದೆಯೂ ಇಲ್ಲದ ಇಬ್ಬರು ನೋಡುಗರು ಇರಲಿ, ಅದರಲ್ಲಿ ಒಬ್ಬರು ಹೆಂಗಸು. ಗಂತಿನಲ್ಲಿ ಕೋಣ ಬಿಡುವುದು ತಡವಾಗಿ ಶನಿವಾರದ ಕಂಬಳ ಭಾನುವಾರ ಮಧ್ಯಾಹ್ನಕ್ಕೂ ಎಳೆದಾಗ, ಮಗು ಎತ್ತಿಕೊಂಡು ಬಂದ ತಾಯಿ ಫೈನಲ್ ನೋಡದೆ ಬಸ್ಸು ಹಿಡಿಯುತ್ತಾಳೆ. ಅವಳ ಬೇಸರ ಲೆಕ್ಕಕ್ಕೆ ಬರಬೇಕು.

ಅಜ್ಜರನ್ನು ಕೇಳಿದೆ, ‘ನಿಮ್ಮನ್ನು ಸಭೆಗೆ ಕರೆದರೆ ಏನು ಹೇಳ್ತೀರಿ?’ ಅವರು ತುಂಬ ಹೊತ್ತು ಕರೆಯನ್ನೇ ನೋಡಿದರು. ‘ಕೋಣಕ್ಕೆ ಪೆಟ್ಟು ಹಾಕುವವರನ್ನು ಅಲ್ಲೇ ಇಳಿಸಿ ಅಂತ ಹೇಳ್ತೇನೆ. ಮತ್ತೆ, ಹಗ್ಗ ಹಿರಿಯದ ಫೈನಲ್ ಬೆಳಕಿರುವಾಗ ಓಡಿಸಿ. ನನ್ನ ಕಣ್ಣಿಗೆ ರಾತ್ರಿ ಈಗ ಕಾಣುವುದಿಲ್ಲ.’